ಓದುಗರ ಪ್ರಶ್ನೆ: ಆವರಣ ಯಾರಿಗೆ, ಸರದಿ ಯಾರದು?

ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಇವೆ. ಒಂದು ಸಾಲಿನಲ್ಲಿ ಎರಡು ಮೂರು ಆಪರೇಟರ್ (+, ×, == ಮುಂತಾದ ಚಿಹ್ನೆ) ಬಂದಾಗ ಯಾವುದು ಯಾವುದಕ್ಕೆ ಅಂಟಿಕೊಳ್ಳುತ್ತದೆ, ಯಾವುದು ಓಡುತ್ತದೆ, ಯಾವುದು ಓಡುವುದೇ ಇಲ್ಲ? ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಇಫ್, ಆ್ಯಂಡ್ ಮುಂತಾದ ಕೀವರ್ಡ್‌ಗಳನ್ನು ಟೈಪ್ ಮಾಡುವಾಗ ನಿಮ್ಮ ಭಾಷೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಪ್ರ: ಕೈಯಲ್ಲಿ 3 ಚೆಂಡು ಮಲ್ಲಿಗೆ ಉಂಟು, ಮತ್ತೆ 2 ಅಟ್ಟೆ ಬಂತು. ಅಟ್ಟೆಗೆ 4 ಚೆಂಡು. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ 3 + 2 × 4 ಒತ್ತಿದರೆ 20 ಬರ್ತದೆ, ಮಗನ ಮೊಬೈಲಿನಲ್ಲಿ 11. ಯಾವುದು ಹಾಳಾಗಿದೆ ಮಾರಾಯ್ರೆ?
— ಮಲ್ಲಿಗೆ ವ್ಯಾಪಾರಿ, ಶಂಕರಪುರ

ಉ: ಎರಡೂ ಹಾಳಾಗಿಲ್ಲ, ನಿಮ್ಮ ಲೆಕ್ಕಕ್ಕೆ ಬೇಕಾದದ್ದು 11. ಅಂಗಡಿಯ ಸಾದಾ ಕ್ಯಾಲ್ಕುಲೇಟರಿಗೆ ಮುಂದೆ ಏನು ಬರುತ್ತದೆಂದು ಕಾಯುವ ತಾಳ್ಮೆ ಇಲ್ಲ. ನೀವು × ಒತ್ತಿದ ಕ್ಷಣದಲ್ಲೇ ಬಾಕಿ ಉಳಿದಿದ್ದ 3 + 2 ಅನ್ನು ಮುಗಿಸಿಬಿಡುತ್ತದೆ. ಪರದೆ ನೋಡುತ್ತಾ ಒತ್ತಿ, × ಒತ್ತಿದೊಡನೆ 5 ಕಾಣುತ್ತದೆ. ಮೊಬೈಲು ಇಡೀ ಸಾಲನ್ನು ಓದಿ, ಗುಣಾಕಾರಕ್ಕೆ ಮೊದಲು ಆವರಣ ಹಾಕಿಕೊಂಡು, ಆಮೇಲೆ ಲೆಕ್ಕ ಮಾಡುತ್ತದೆ. ವಿಂಡೋಸಿನ ಕ್ಯಾಲ್ಕುಲೇಟರಿನಲ್ಲಿ ಎರಡೂ ಬುದ್ಧಿ ಒಟ್ಟಿಗೇ ಇವೆ: ಸ್ಟ್ಯಾಂಡರ್ಡ್ ವಿಧಾನದಲ್ಲಿ 20, ಸೈಂಟಿಫಿಕ್ ವಿಧಾನದಲ್ಲಿ 11. ಸಾದಾ ಕ್ಯಾಲ್ಕುಲೇಟರಿನಲ್ಲಿ ಅಟ್ಟೆಯ ಗುಣಾಕಾರವನ್ನು ಮೊದಲು ಒತ್ತಿ, ಬಿಡಿ ಚೆಂಡನ್ನು ಕೊನೆಗೆ ಕೂಡಿಸಿ: 2 × 4 + 3.

ಪ್ರೋಗ್ರಾಮಿಂಗ್ ಭಾಷೆಗಳೂ ಹೀಗೆ ಬೇರೆ ಬೇರೆ ದಾರಿ ಹಿಡಿದಿವೆ. ಸ್ಮಾಲ್‌ಟಾಕ್‌ನಲ್ಲಿ ಕೂಡುವುದು, ಗುಣಿಸುವುದು ಸಮಾನ, ಎಡದಿಂದ ಬಲಕ್ಕೆ. ನಿಮ್ಮ ಸಾಲಿಗೆ ಅದೂ 20 ಎನ್ನುತ್ತದೆ. ಎಪಿಎಲ್‌ನಲ್ಲೂ ಎಲ್ಲ ಸಮಾನ, ಆದರೆ ಬಲದಿಂದ ಎಡಕ್ಕೆ. 3 + 2 × 4 ಕ್ಕೆ 11 ಕೊಟ್ಟು ನಿಮ್ಮನ್ನು ಮೆಚ್ಚಿಸಿ, 2 × 4 + 3 ಕ್ಕೆ 14 ಕೊಟ್ಟು ಬೆಚ್ಚಿಬೀಳಿಸುತ್ತದೆ.

ಪ್ರ: ಅ() || ಬ() && ಕ() ಎಂಬ ಸಾಲಿನಲ್ಲಿ && ಗೆ ಆದ್ಯತೆ ಹೆಚ್ಚು. ಹಾಗಾದರೆ ಬ ಮತ್ತು ಕ ಮೊದಲು ಓಡಬೇಕಲ್ಲ? ಓಡಿಸಿ ನೋಡಿದರೆ ಅ ಮಾತ್ರ ಓಡಿತು. ತರಗತಿಯಲ್ಲಿ ಅರ್ಧ ಜನ ಕಂಪೈಲರ್ ತಪ್ಪೆನ್ನುತ್ತಾರೆ, ಅರ್ಧ ಜನ ಪುಸ್ತಕ ತಪ್ಪೆನ್ನುತ್ತಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉ: || ಎಂದರೆ ‘ಅಥವಾ’, && ಎಂದರೆ ‘ಮತ್ತು’. ಕಂಪೈಲರೂ ಸರಿ, ಪುಸ್ತಕವೂ ಸರಿ. ನಡುವೆ ನಾವು ಸೇರಿಸಿಕೊಳ್ಳುವ ‘ಹಾಗಾದರೆ’ ಮಾತ್ರ ತಪ್ಪು. ಆದ್ಯತೆ ಎನ್ನುವುದು ಆವರಣ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ಯಾರು ಮೊದಲು ಓಡುತ್ತಾರೆ ಎಂಬುದು ಬೇರೆಯೇ ನಿಯಮ. ಶಾಲೆಯ ಬಾಡ್‌ಮಾಸ್ ಈ ಎರಡನ್ನೂ ಒಟ್ಟು ಕಟ್ಟಿ ತಲೆಗೆ ತುಂಬಿದೆ. ಅಲ್ಲಿರುವುದೆಲ್ಲ ಬರೀ ಅಂಕಿಗಳಾದ್ದರಿಂದ, ಆವರಣ ಬಿದ್ದ ಮೇಲೆ ಯಾವುದನ್ನು ಮೊದಲು ಮುಟ್ಟಿದರೂ ಉತ್ತರ ಬದಲಾಗದು. ಇಲ್ಲಿ ಅ, ಬ, ಕ ಎಂಬವು ಕೆಲಸ ಮಾಡುವ ಫಂಕ್ಷನ್‌ಗಳು. ಓಡಿದ್ದಕ್ಕೂ ಓಡದ್ದಕ್ಕೂ ವ್ಯತ್ಯಾಸ ಇದೆ.

ನಿಮ್ಮ ಸಾಲಿಗೆ ಬೀಳುವ ಆವರಣ ಅ() || (ಬ() && ಕ()). ಮರವಾಗಿ ಬರೆದರೆ ಬುಡದಲ್ಲಿ || ಇದೆ, ಅದರ ಎಡ ಕೊಂಬೆ ಅ, ಬಲ ಕೊಂಬೆಯ ಮೇಲೆ && ಕೂತಿದೆ. || ನ ನಿಯಮ: ಎಡ ಕೊಂಬೆಯನ್ನು ಮೊದಲು ನೋಡು, ಅದು ನಿಜವಾದರೆ ಬಲ ಕೊಂಬೆಯನ್ನು ಮುಟ್ಟಲೇಬೇಡ. ಅ ನಿಜ ಎಂದಿತು, ಕೆಲಸ ಮುಗಿಯಿತು. ಆದ್ಯತೆ ಹೆಚ್ಚಿರುವ && ಗೆ ಸರದಿಯೇ ಬರಲಿಲ್ಲ.

ತರಗತಿಯ ಜಗಳ ಬಗೆಹರಿಸಲು ಒಂದು ಪ್ರಯೋಗ. ತನ್ನ ಹೆಸರು ಮುದ್ರಿಸಿ ನಿಜ ಎಂದು ಹಿಂದಿರುಗುವ ಮೂರು ಫಂಕ್ಷನ್ ಬರೆಯಿರಿ. ಅ() || ಬ() && ಕ() ಓಡಿಸಿದರೆ ಬರುವುದು ‘ಅ’ ಒಂದೇ. (ಅ() || ಬ()) && ಕ() ಓಡಿಸಿದರೆ ‘ಅ ಕ’. ಎರಡಕ್ಕೂ ಅಂತಿಮ ಉತ್ತರ ನಿಜವೇ. ಆವರಣ ಬದಲಾಗಿದ್ದು ಗೊತ್ತಾಗುವುದು ಮುದ್ರಣದಿಂದ ಮಾತ್ರ. ಉತ್ತರ ಮಾತ್ರ ನೋಡಿ ಪರೀಕ್ಷಿಸುವವರಿಗೆ ಇಂಥ ದೋಷ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ಕೇಳುವ ಮಾದರಿಯೂ ಇದೇ. ಸಿ ಭಾಷೆಯಲ್ಲಿ ಅ = 0, ಬ = 5, ಕ = 7 ಇದ್ದು, ಮ = ++ಅ || ++ಬ && ++ಕ ಎಂದು ಬರೆದರೆ (++ ಎಂದರೆ ಒಂದು ಕೂಡಿಸು) ಅ 1 ಆಗುತ್ತದೆ, ಬ 5 ರಲ್ಲೇ, ಕ 7 ರಲ್ಲೇ ಉಳಿಯುತ್ತದೆ, ಮ 1. ಅ ಗೆ 0 ಬದಲು -1 ಕೊಡಿ: ಆಗ ++ಅ ಎಂದರೆ 0, ಅಂದರೆ ಸುಳ್ಳು, ಹಾಗಾಗಿ ಬ 6, ಕ 8, ಮ 1. ಮ ಗೆ ಸಿಗುವುದು 8 ಅಲ್ಲ, 1. ಸಿ ಯಲ್ಲಿ ಈ ಆಪರೇಟರ್‌ಗಳ ಫಲ 0 ಅಥವಾ 1 ಮಾತ್ರ. ಪೈಥಾನ್, ಜಾವಾಸ್ಕ್ರಿಪ್ಟ್, ರೂಬಿಗಳಲ್ಲಿ ಕೊನೆಗೆ ನೋಡಿದ ಬೆಲೆಯೇ ಕೈಗೆ ಬರುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅ() + ಬ() * ಕ() ಬರೆದರೆ ಯಾವುದು ಮೊದಲು ಓಡುತ್ತದೆ? ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಮೂರರಲ್ಲೂ ಅ, ಬ, ಕ ಎಂಬ ಕ್ರಮ ಖಚಿತ. ಗುಣಾಕಾರಕ್ಕೆ ಆದ್ಯತೆ ಇದ್ದರೂ ಅ ಯೇ ಮೊದಲು! ಸಿ ಯಲ್ಲಿ ಕ್ರಮವನ್ನು ನಿಗದಿ ಮಾಡಿಲ್ಲ. ಕಂಪೈಲರ್ ಆರು ಕ್ರಮಗಳಲ್ಲಿ ಯಾವುದನ್ನಾದರೂ ಆರಿಸಬಹುದು. ಸಿ ಯಲ್ಲಿ ಎಡವೇ ಮೊದಲು ಎಂಬ ಭರವಸೆ ಇರುವುದು ನಾಲ್ಕೇ ಕಡೆ: &&, ||, ಪ್ರಶ್ನಾರ್ಥಕ ಚಿಹ್ನೆಯ ಟರ್ನರಿ, ಮತ್ತು ಅಲ್ಪವಿರಾಮ ಆಪರೇಟರ್. ಫಂಕ್ಷನ್ ಕರೆಯೊಳಗೆ ಆರ್ಗ್ಯುಮೆಂಟ್‌ಗಳ ನಡುವೆ ಹಾಕುವ ಅಲ್ಪವಿರಾಮ ಆಪರೇಟರ್ ಅಲ್ಲ, ಅದಕ್ಕೆ ಈ ಭರವಸೆ ಇಲ್ಲ.

ಪ್ರ: ಬಾವಿ ಪಂಪಿಗೆ ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡ್) ಕೂರಿಸಿದ್ದೇವೆ. ಸ್ಥಿತಿ ಎಂಬ ಬೈಟಿನಲ್ಲಿ ಬೆಲೆ 1 ರ ಬಿಟ್ ಬಾವಿಯಲ್ಲಿ ನೀರಿದೆ ಎಂದು, ಬೆಲೆ 4 ರ ಬಿಟ್ ಮೇಲಿನ ಟ್ಯಾಂಕ್ ತುಂಬಿದೆ ಎಂದು. ಇಫ್ (ಸ್ಥಿತಿ & 4 == 4) ಆದರೆ ಪಂಪ್ ನಿಲ್ಲಿಸು ಎಂದು ಬರೆದಿದೆ. ಲ್ಯಾಬಿನಲ್ಲಿ ಸರಿ ಇತ್ತು. ಮನೆಯಲ್ಲಿ ಬಾವಿ ತುಂಬಾ ನೀರಿದ್ದರೂ ಪಂಪ್ ಶುರುವಾಗುವುದಿಲ್ಲ. ಇನ್ನೊಂದು ತೊಂದರೆ: ಓದು1() && ಓದು2() ಎಂಬಲ್ಲಿ ಎರಡನೇ ಸೆನ್ಸರಿನ ದಾಖಲೆ ಆಗಾಗ ಬಿಟ್ಟುಹೋಗುತ್ತದೆ. ವಯರಿಂಗ್ ಮೂರು ಸಲ ನೋಡಿ ಆಯಿತು.
— ಪಾಲಿಟೆಕ್ನಿಕ್ ವಿದ್ಯಾರ್ಥಿಗಳು, ಕಾರ್ಕಳ

ಉ: ವಯರಿಂಗನ್ನು ಬಿಟ್ಟುಬಿಡಿ. ಒಂಟಿ & ಎರಡೂ ಕಡೆ 1 ಇರುವ ಬಿಟ್‌ಗಳನ್ನಷ್ಟೇ ಉಳಿಸುತ್ತದೆ, == ಎರಡು ಬೆಲೆ ಸಮವೇ ಎಂದು ಕೇಳುತ್ತದೆ. ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ == ನ ಆದ್ಯತೆ ಒಂಟಿ & ಗಿಂತ ಹೆಚ್ಚು. ನಿಮ್ಮ ಸಾಲನ್ನು ಕಂಪೈಲರ್ ಓದಿದ್ದು ಸ್ಥಿತಿ & (4 == 4) ಎಂದು. 4 == 4 ನಿಜ, ಅಂದರೆ 1. ಉಳಿಯುವುದು ಸ್ಥಿತಿ & 1. ಟ್ಯಾಂಕಿನ ಬಿಟ್ ನೋಡಬೇಕಾದವರು ಬಾವಿಯ ಬಿಟ್ ನೋಡುತ್ತಿದ್ದೀರಿ.

ನಾಲ್ಕು ಸ್ಥಿತಿಗಳನ್ನೂ ಹಾಳೆಯ ಮೇಲೆ ಹಾಕಿ. ಸ್ಥಿತಿ 1 (ಬಾವಿಯಲ್ಲಿ ನೀರಿದೆ, ಟ್ಯಾಂಕ್ ಖಾಲಿ): ಪಂಪ್ ಓಡಬೇಕಿತ್ತು, ನಿಂತಿತು. ನೀವು ಕಂಡದ್ದು ಇದು. ಸ್ಥಿತಿ 4 (ಬಾವಿ ಆರಿದೆ, ಟ್ಯಾಂಕ್ ತುಂಬಿದೆ): ನಿಲ್ಲಬೇಕಿತ್ತು, ಈ ಸಾಲು ನಿಲ್ಲಿಸುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಇದು ಗಾಳಿ ಎಳೆದು ಸೀಲ್ ಸುಡುವ ದಾರಿ. ಸ್ಥಿತಿ 5 ಕ್ಕೆ ಎರಡು ಓದಿಗೂ ‘ನಿಲ್ಲಿಸು’ ಎಂದೇ ಉತ್ತರ, ಸ್ಥಿತಿ 0 ಗೆ ಎರಡಕ್ಕೂ ‘ಇಲ್ಲ’. ಲ್ಯಾಬಿನಲ್ಲಿ ಎರಡೂ ಫ್ಲೋಟ್ ಸ್ವಿಚ್ ಒಟ್ಟಿಗೆ ಎತ್ತಿ, ಒಟ್ಟಿಗೆ ಇಳಿಸಿ ನೋಡಿದ್ದರೆ ಕಂಡಿದ್ದು ಈ ಎರಡೇ, ಹಾಗಾಗಿ ಪಾಸಾಯಿತು. ಎರಡು ಸ್ವಿಚ್ ಇದ್ದರೆ ನಾಲ್ಕು ಪರೀಕ್ಷೆ, ಮೂರು ಇದ್ದರೆ ಎಂಟು. ಬಿಡಬಾರದು.

ಸರಿಪಡಿಸಲು: ಇಫ್ ((ಸ್ಥಿತಿ & 4) != 0). ಆವರಣ ಇಲ್ಲದೆ ಸ್ಥಿತಿ & 4 != 0 ಬರೆದರೆ ಮತ್ತೆ ಅದೇ ಕತೆ. ಸ್ಥಿತಿ & 4 == 0 ಬರೆದವರ ಪಾಡು ಇನ್ನೂ ವಿಚಿತ್ರ: 4 == 0 ಸುಳ್ಳು, ಯಾವುದರ ಜತೆ & ಮಾಡಿದರೂ 0, ಆ ಇಫ್ ಜನ್ಮದಲ್ಲಿ ನಿಜವಾಗುವುದಿಲ್ಲ. ಕಂಪೈಲರ್ ಇದನ್ನು ಹೇಳಲು ಸಿದ್ಧವಾಗಿಯೇ ಇದೆ. ಆರ್ಡುಯಿನೊ ಐಡಿಇಯ ಪ್ರಿಫರೆನ್ಸಸ್‌ನಲ್ಲಿ ಕಂಪೈಲರ್ ವಾರ್ನಿಂಗ್ಸ್ ಎಂಬುದು ‘ನನ್’ ಎಂದಿರುತ್ತದೆ. ಅದನ್ನು ‘ಆಲ್’ ಮಾಡಿ. & ನ ಪಕ್ಕದ ಹೋಲಿಕೆಗೆ ಆವರಣ ಹಾಕಿ ಎಂಬ ಸಲಹೆ ಅಂದೇ ಬರುತ್ತಿತ್ತು.

ಇಂಥ ಆದ್ಯತೆ ಯಾಕಿಟ್ಟರು ಎಂದು ಬೈಯುವ ಮೊದಲು ಹಿನ್ನೆಲೆ ಕೇಳಿ. ಸಿ ಗೆ ಮುಂಚಿನ ಬಿ ಭಾಷೆಯಲ್ಲಿ && ಇರಲಿಲ್ಲ. ಒಂಟಿ & ಎರಡು ಕೆಲಸ ಮಾಡುತ್ತಿತ್ತು; ಇಫ್‌ನ ಒಳಗೆ ಬಂದರೆ ‘ಮತ್ತು’, ಬೇರೆಡೆ ಬಿಟ್‌ಗಳ ಲೆಕ್ಕ. ಇಫ್ (ಅ == 1 & ಬ == 2) ಎಂದು ಬರೆಯಲು == ಗೆ ಹೆಚ್ಚು ಆದ್ಯತೆ ಬೇಕೇ ಬೇಕಿತ್ತು. ಆಮೇಲೆ ಅಲನ್ ಸ್ನೈಡರ್ ಅವರ ಸಲಹೆಯಂತೆ ಸಿ ಭಾಷೆ ಕಟ್ಟಿದ ಡೆನ್ನಿಸ್ ರಿಚಿ && ಮತ್ತು || ಅನ್ನು ಬೇರೆ ಮಾಡಿದರು. ಆಗ & ಅನ್ನು ಮೇಲಕ್ಕೆ ಏರಿಸಬಹುದಿತ್ತು. ಆದರೆ ಅಷ್ಟರಲ್ಲಿ ಬರೆದಾಗಿದ್ದ ಕೆಲವು ನೂರು ಕಿಲೋಬೈಟ್ ಕೋಡ್ ಕೆಡಬಾರದೆಂದು ಇದ್ದಲ್ಲೇ ಬಿಟ್ಟರು. ಏರಿಸಿದ್ದರೆ ಚೆನ್ನಾಗಿತ್ತು ಎಂದು ರಿಚಿಯೇ ಮುಂದೆ ಬರೆದಿದ್ದಾರೆ. ಮನೆ ಬದಲಾದರೂ ಮೆಟ್ಟಿಲು ಹಳೆಯದೇ ಉಳಿದಂತಾಯಿತು. ಸಿ ಯನ್ನು ನೋಡಿ ಬೆಳೆದ ಜಾವಾ, ಜಾವಾಸ್ಕ್ರಿಪ್ಟ್, ಸಿ ಶಾರ್ಪ್, ಪಿಎಚ್‌ಪಿ ಎಲ್ಲವೂ ಆ ಮೆಟ್ಟಿಲನ್ನೇ ಹೊತ್ತು ತಂದವು. ಜಾವಾದಲ್ಲಿ ಕನಿಷ್ಠ ಕಂಪೈಲರ್ ತಡೆಯುತ್ತದೆ, ಯಾಕೆಂದರೆ ಅಂಕಿಗೂ ಬೂಲಿಯನ್‌ಗೂ & ಹಾಕಲು ಬಿಡುವುದಿಲ್ಲ. ಜಾವಾಸ್ಕ್ರಿಪ್ಟ್ ಬಾಯಿ ಮುಚ್ಚಿಕೊಂಡು ಓಡಿಸುತ್ತದೆ. ಪೈಥಾನ್, ರೂಬಿ, ಗೋ, ರಸ್ಟ್ ಭಾಷೆಗಳಲ್ಲಿ & ಹೋಲಿಕೆಗಿಂತ ಮೇಲಿದೆ; ನಿಮ್ಮ ಮೂಲ ಸಾಲು ಅಲ್ಲಿ ನೀವು ಅಂದುಕೊಂಡಂತೆಯೇ ನಡೆಯುತ್ತದೆ.

ಎರಡನೇ ತೊಂದರೆ ಇದರ ದಾಯಾದಿ. ಓದು1() 0 ಕೊಟ್ಟರೆ ಓದು2() ಕರೆಯಲ್ಪಡುವುದೇ ಇಲ್ಲ, ಅದರೊಳಗಿನ ದಾಖಲೆಯ ಸಾಲೂ ಓಡುವುದಿಲ್ಲ. && ನ ಬಲಗಡೆ ಬರೀ ಪ್ರಶ್ನೆ ಇರಬೇಕು, ಕೆಲಸ ಇರಬಾರದು. ಮೊದಲು ಎರಡನ್ನೂ ಓದಿ ಎರಡು ವೇರಿಯಬಲ್‌ಗಳಲ್ಲಿಡಿ, ಮುಂದಿನ ಸಾಲಿನಲ್ಲಿ && ಹಾಕಿ. ‘&& ಬದಲು & ಹಾಕಿದರೆ ಎರಡೂ ಓಡುತ್ತವೆ’ ಎಂಬ ಅಗ್ಗದ ಮದ್ದು ಬೇಡ: ಓದು1() 2 ಕೊಟ್ಟು ಓದು2() 1 ಕೊಟ್ಟರೆ ಎರಡೂ ಲೆಕ್ಕಕ್ಕೆ ನಿಜ, ಆದರೆ 2 & 1 ಎಂದರೆ 0.

ಪ್ರ: ಎಡಗಡೆಯಲ್ಲೇ ಉತ್ತರ ಗೊತ್ತಾದರೆ ಬಲಗಡೆಯನ್ನು ಓಡಿಸದಿರುವುದಕ್ಕೆ ಶಾರ್ಟ್ ಸರ್ಕ್ಯೂಟ್ ಎಂಬ ಹೆಸರು ಯಾಕೆ? ಏನೂ ಸುಡುವುದಿಲ್ಲವಲ್ಲ.
— ಪಿಯುಸಿ ವಿದ್ಯಾರ್ಥಿ, ಕುಂದಾಪುರ

ಉ: ಫ್ಯೂಸ್ ಹಾರಿಸುವುದು ಶಾರ್ಟ್ ಸರ್ಕ್ಯೂಟಿನ ಪರಿಣಾಮ, ಅದರ ಅರ್ಥ ಕರೆಂಟು ಉದ್ದದ ದಾರಿ ಬಿಟ್ಟು ಗಿಡ್ಡ ದಾರಿಯಲ್ಲಿ ಹರಿಯುವುದು. ಇಲ್ಲಿಯೂ ಉತ್ತರ ಗೊತ್ತಾದ ಕೂಡಲೇ ಉಳಿದ ದಾರಿ ಬಿಟ್ಟು ಹಾರುವುದು. ಲಿಸ್ಪ್ ಭಾಷೆ ಕಟ್ಟಿದ ಜಾನ್ ಮೆಕಾರ್ಥಿ ಅದರ 1960ರ ಪ್ರಬಂಧದಲ್ಲೇ ‘ಮತ್ತು’ ಅನ್ನು ಹೀಗೆ ಷರತ್ತಿನ ರೂಪದಲ್ಲಿ ಹೇಳಿದ್ದರು: ಮೊದಲನೆಯದು ನಿಜವಾದರೆ ಎರಡನೆಯದೇ ಉತ್ತರ, ಇಲ್ಲವಾದರೆ ಸುಳ್ಳು. ಅಡಾ ಭಾಷೆ ಇದಕ್ಕೆ ಬೇರೆ ಪದವನ್ನೇ ಇಟ್ಟಿದೆ; ‘ಆ್ಯಂಡ್’ ಎರಡೂ ಕಡೆ ನೋಡುತ್ತದೆ, ‘ಆ್ಯಂಡ್ ದೆನ್’ ಬೇಕಾದರೆ ಮಾತ್ರ ಬಲಕ್ಕೆ ಹೋಗುತ್ತದೆ. ನಮಗೆ ಕೇಳಿದರೆ ಅದು ಹೆಚ್ಚು ಪ್ರಾಮಾಣಿಕ.

ಪ್ರ: ಸಂಘದ ಸಾಲದ ಪಟ್ಟಿ ಎಕ್ಸೆಲ್‌ನಲ್ಲಿದೆ. ಬಿ ಕಾಲಮ್ಮಿನಲ್ಲಿ ಕಟ್ಟಿದ್ದು, ಸಿ ಕಾಲಮ್ಮಿನಲ್ಲಿ ಕಟ್ಟಬೇಕಾದದ್ದು. ಹೊಸ ಸದಸ್ಯರಿಗೆ ಸಿ ಸೊನ್ನೆ. =ಇಫ್(ಆ್ಯಂಡ್(ಸಿ2<>0, ಬಿ2/ಸಿ2>0.5), "ಸರಿ", "ನೋಟಿಸ್") ಹಾಕಿದರೂ ಹೊಸ ಸದಸ್ಯರ ಎದುರು ಸೊನ್ನೆಯಿಂದ ಭಾಗಿಸಿದ ದೋಷ ಬರುತ್ತದೆ. ಸೊನ್ನೆ ಅಲ್ಲ ಎಂದು ಮೊದಲೇ ಕೇಳಿದ್ದೇವಲ್ಲ?
— ಸಹಕಾರಿ ಸಂಘದ ಗುಮಾಸ್ತೆ, ಉಡುಪಿ

ಉ: ಕೇಳಿದ್ದೀರಿ, ಆದರೆ ಎಕ್ಸೆಲ್‌ನ ಆ್ಯಂಡ್ ಆಪರೇಟರ್ ಅಲ್ಲ, ಫಂಕ್ಷನ್. ಒಳಗಿನ ಎಲ್ಲ ಬೆಲೆಗಳೂ ಅದಕ್ಕೆ ಬೇಕು. ಒಂದರಲ್ಲಿ ದೋಷ ಇದ್ದರೆ ಅದೇ ಹೊರಗೆ ಬರುತ್ತದೆ. ಬೇಕಾದ ಕೊಂಬೆಯನ್ನು ಮಾತ್ರ ಲೆಕ್ಕ ಹಾಕುವ ಗುಣ ಇರುವುದು ಇಫ್‌ಗೆ. ಆದ್ದರಿಂದ ಒಂದರೊಳಗೊಂದು ಇಡಿ:

=ಇಫ್(ಸಿ2=0, "ಹೊಸಬರು", ಇಫ್(ಬಿ2/ಸಿ2>0.5, "ಸರಿ", "ನೋಟಿಸ್"))

ಇದರಿಂದ ಇನ್ನೊಂದು ಉಪಕಾರವೂ ಆಯಿತು. ನಿಮ್ಮ ಹಳೆಯ ಸೂತ್ರ ದೋಷವಿಲ್ಲದೆ ಓಡಿದ್ದರೂ ಹೊಸ ಸದಸ್ಯರಿಗೆಲ್ಲ ನೋಟಿಸ್ ಹೋಗುತ್ತಿತ್ತು. ಖಾಲಿ ಬಿಟ್ಟ ಕೋಶವೂ ಇಲ್ಲಿ ಸೊನ್ನೆಯೆಂದೇ ಲೆಕ್ಕ. ಇಫ್‌ಎರರ್ ಸುತ್ತಿ ಕೈತೊಳೆದುಕೊಳ್ಳಬೇಡಿ, ತಪ್ಪು ಟೈಪಾದ ಮೊತ್ತವೂ ಅದರಡಿ ಮುಚ್ಚಿಹೋಗುತ್ತದೆ. ಎಕ್ಸೆಲ್ ಬಳಸುವವರು ಇದನ್ನೂ ಗುರುತು ಹಾಕಿಕೊಳ್ಳಿ: =-2^2 ಅಲ್ಲಿ 4, =0-2^2 ಅಲ್ಲಿ -4. ಎದುರಿಗೆ ಅಂಟಿದ ಮೈನಸ್‌ಗೆ ಘಾತಕ್ಕಿಂತ ಹೆಚ್ಚು ಆದ್ಯತೆ. ಪೈಥಾನ್‌ನಲ್ಲಿ -2 ** 2 ಎಂದರೆ -4. ಜಾವಾಸ್ಕ್ರಿಪ್ಟ್ ಇದೇ ಸಾಲನ್ನು ಸಿಂಟ್ಯಾಕ್ಸ್ ದೋಷ ಎಂದು ವಾಪಸ್ ಕಳಿಸುತ್ತದೆ, ಆವರಣ ಹಾಕಿಕೊಂಡು ಬನ್ನಿ ಎಂದು.

ಪ್ರ: ಕಾಪು ಅಥವಾ ಕಟಪಾಡಿಯವರಲ್ಲಿ ಫೀಸ್ ಬಾಕಿ ಇದ್ದವರಿಗೆ ಮೆಸೇಜ್ ಹೋಗಬೇಕಿತ್ತು. ವೇರ್ ಊರು = 'ಕಾಪು' ಆರ್ ಊರು = 'ಕಟಪಾಡಿ' ಆ್ಯಂಡ್ ಬಾಕಿ > 0 ಎಂದು ಬರೆದಿದ್ದೆವು. ಕಾಪುವಿನ ಎಲ್ಲರಿಗೂ ಹೋಯಿತು, ಪೂರ್ತಿ ಕಟ್ಟಿದವರಿಗೂ!
— ಟ್ಯೂಷನ್ ಕೇಂದ್ರ ನಡೆಸುವವರು, ಕಾಪು

ಉ: ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಆ್ಯಂಡ್ ಬಿಗಿ, ಆರ್ ಸಡಿಲ. ಬಾಕಿಯ ಷರತ್ತು ಕಟಪಾಡಿಗೆ ಮಾತ್ರ ಅಂಟಿತು, ಕಾಪುವಿನವರು ಷರತ್ತಿಲ್ಲದೆ ಒಳಬಂದರು. ಆರ್ ಸುತ್ತ ಆವರಣ ಹಾಕಿ, ಅಥವಾ ಊರು ಇನ್ ('ಕಾಪು', 'ಕಟಪಾಡಿ') ಆ್ಯಂಡ್ ಬಾಕಿ > 0 ಎಂದು ಬರೆಯಿರಿ. ನಾಳೆ ಮೂರನೇ ಊರು ಸೇರಿದರೂ ಕೆಡದ್ದು ಎರಡನೆಯದು. ಬಾಕಿ ಕಾಲಮ್ ನಲ್ (ಏನೂ ತುಂಬಿಸದ್ದು) ಆಗಿರುವ ವಿದ್ಯಾರ್ಥಿಗಳು ಪಟ್ಟಿಯಲ್ಲಿ ಬರುವುದಿಲ್ಲ. ನಲ್ > 0 ಎಂಬುದು ನಿಜವೂ ಅಲ್ಲ, ಸುಳ್ಳೂ ಅಲ್ಲ.

ಸಿ ಅಥವಾ ಜಾವಾ ಕಲಿತು ಇಲ್ಲಿಗೆ ಬಂದವರಿಗೆ ಒಂದು ಎಚ್ಚರಿಕೆ. ವೇರ್ ಸಂಖ್ಯೆ <> 0 ಆ್ಯಂಡ್ ಮೊತ್ತ / ಸಂಖ್ಯೆ > 10 ಎಂದು ಬರೆದರೆ ಎಡಗಡೆ ಕಾವಲು ನಿಂತಿದೆ ಎಂದು ನಂಬಬೇಡಿ. ಯಾವ ಷರತ್ತನ್ನು ಮೊದಲು ನೋಡಬೇಕೆಂಬುದು ಡೇಟಾಬೇಸಿನ ಆಪ್ಟಿಮೈಸರಿಗೆ ಬಿಟ್ಟದ್ದು. ಮೊತ್ತ / ನಲ್‌ಇಫ್(ಸಂಖ್ಯೆ, 0) > 10 ಎಂದು ಬರೆದರೆ ಸೊನ್ನೆ ನಲ್ ಆಗುತ್ತದೆ, ಭಾಗಾಕಾರವೂ ನಲ್ ಆಗುತ್ತದೆ, ಆ ಸಾಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಪ್ರ: ಹೋಟೆಲಿನ ಬಿಲ್ ಪುಟದಲ್ಲಿ ಪಾರ್ಸೆಲ್ ಶುಲ್ಕ ಕೊಡದಿದ್ದರೆ 10 ರೂಪಾಯಿ ಎಂದು ಒಟ್ಟು + (ಶುಲ್ಕ || 10) ಬರೆದಿದ್ದೆ. ಶುಲ್ಕ 0 ಎಂದು ಕೊಟ್ಟವರಿಗೂ 10 ಸೇರಿತು. || ತೆಗೆದು, ಆವರಣವನ್ನೂ ತೆಗೆದು, ಒಟ್ಟು + ಶುಲ್ಕ ?? 10 ಮಾಡಿದೆ. ಈಗ ಬಿಲ್ಲಿನಲ್ಲಿ ‘ಎನ್‌ಎಎನ್’ (ಅಂಕಿ ಅಲ್ಲ).
— ವೆಬ್ ಡೆವಲಪರ್, ಹಂಪನಕಟ್ಟೆ, ಮಂಗಳೂರು

ಉ: ಮದ್ದು ಸರಿ, ಆವರಣ ತೆಗೆದದ್ದು ತಪ್ಪು. ಜಾವಾಸ್ಕ್ರಿಪ್ಟಿನಲ್ಲಿ || ಗೆ 0, ಖಾಲಿ ಸ್ಟ್ರಿಂಗ್, ಸುಳ್ಳು, ನಲ್, ಅನ್‌ಡಿಫೈನ್ಡ್, ಎನ್‌ಎಎನ್ ಎಲ್ಲವೂ ‘ಇಲ್ಲ’ ಎಂದೇ ಲೆಕ್ಕ. 2020ರ ಆವೃತ್ತಿಯಲ್ಲಿ ಬಂದ ?? ಮಾತ್ರ ನಲ್ ಮತ್ತು ಅನ್‌ಡಿಫೈನ್ಡ್ ಎರಡನ್ನೇ ‘ಇಲ್ಲ’ ಎನ್ನುತ್ತದೆ. ಆದರೆ + ಗೆ ?? ಗಿಂತ ಹೆಚ್ಚು ಆದ್ಯತೆ. ನಿಮ್ಮದು (ಒಟ್ಟು + ಶುಲ್ಕ) ?? 10 ಆಯಿತು. ಅಂಕಿಗೆ ಅನ್‌ಡಿಫೈನ್ಡ್ ಕೂಡಿಸಿದರೆ ಎನ್‌ಎಎನ್. ಅದು ನಲ್ಲೂ ಅಲ್ಲ, ಅನ್‌ಡಿಫೈನ್ಡೂ ಅಲ್ಲ, ಹಾಗಾಗಿ 10 ರ ಸರದಿ ಬರಲಿಲ್ಲ. ಶುಲ್ಕ ನಲ್ ಆಗಿದ್ದರೆ ಇನ್ನೂ ಮೋಸ: ಕೂಡುವಾಗ ನಲ್ ಸೊನ್ನೆಯಾಗಿ, ಬಿಲ್ ಸರಿ ಇದ್ದಂತೆ ಕಂಡು, 10 ರೂಪಾಯಿ ಬಿಟ್ಟುಹೋಗುತ್ತದೆ. ಒಟ್ಟು + (ಶುಲ್ಕ ?? 10) ಬರೆಯಿರಿ.

?? ಅನ್ನು || ಅಥವಾ && ಜತೆ ಆವರಣವಿಲ್ಲದೆ ಬೆರೆಸಿದರೆ ಜಾವಾಸ್ಕ್ರಿಪ್ಟ್ ಸಿಂಟ್ಯಾಕ್ಸ್ ದೋಷ ಕೊಡುತ್ತದೆ. ಕಿರಿಕಿರಿ ಎನಿಸಿದರೂ ಭಾಷೆ ಕಟ್ಟುವವರು ಮಾಡಿದ ಒಳ್ಳೆಯ ಕೆಲಸ ಅದು. ಓದುಗನಿಗೆ ನೆನಪಿರದ ಆದ್ಯತೆಯನ್ನು ಇಡುವುದಕ್ಕಿಂತ ಇಡದಿರುವುದೇ ಲೇಸು.

ಪ್ರ: ಶೆಲ್ ಸ್ಕ್ರಿಪ್ಟಿನಲ್ಲಿ ನಕಲು && ಅಳಿಸು || ಎಚ್ಚರಿಸು ಎಂದರೆ ಇಫ್-ಎಲ್ಸ್ ಇದ್ದ ಹಾಗೆ ತಾನೇ?
— ಫೋಟೊ ಸ್ಟುಡಿಯೊ, ಕಂಕನಾಡಿ

ಉ: ಅಲ್ಲ. ನಕಲು ಸರಿಯಾಗಿ ಆಗಿ, ಅಳಿಸು ವಿಫಲವಾದರೂ ಎಚ್ಚರಿಸು ಓಡುತ್ತದೆ. ನಕಲೇ ಆಗಿಲ್ಲ ಎಂಬ ಸುಳ್ಳು ಸುದ್ದಿ ನಿಮಗೆ ಬರುತ್ತದೆ. ಶೆಲ್‌ನಲ್ಲಿ && ಮತ್ತು || ಗೆ ಸಮಾನ ಆದ್ಯತೆ, ಎಡದಿಂದ ಬಲಕ್ಕೆ. ಅ || ಬ && ಕ ಎಂಬುದು ಇಲ್ಲಿ (ಅ || ಬ) && ಕ; ಸುರತ್ಕಲ್‌ನವರಿಗೆ ಕೊಟ್ಟ ಉತ್ತರ ಇಲ್ಲಿಗೆ ಹೊಂದುವುದಿಲ್ಲ. ಅಳಿಸುವ ಕೆಲಸ ಇರುವಲ್ಲಿ ಇಫ್, ದೆನ್, ಎಲ್ಸ್ ಅನ್ನೇ ಬರೆಯಿರಿ.

ಪ್ರ: ಕನ್ನಡ ಪದಗಳ ಒಂದು ಪುಟ್ಟ ಭಾಷೆ ಮಾಡುತ್ತಿದ್ದೇನೆ. ಮತ್ತು, ಅಥವಾ, ಅಲ್ಲ ಇವೆ. ‘ಅಲ್ಲ’ ಅನ್ನು ಮುಂದೆ ಇಟ್ಟರೆ ಕನ್ನಡ ಅನ್ನಿಸುವುದಿಲ್ಲ, ಕೊನೆಗೆ ಇಟ್ಟರೆ ಪಾರ್ಸರ್ (ಸಾಲನ್ನು ಓದಿ ಮರ ಕಟ್ಟುವ ಭಾಗ) ಗೊಂದಲ ಆಗುತ್ತದೆ. ಆದ್ಯತೆಯ ಪಟ್ಟಿ, ಪಾರ್ಸರ್, ಶಾರ್ಟ್ ಸರ್ಕ್ಯೂಟ್ ಮೂರನ್ನೂ ಹೇಗೆ ಮಾಡಲಿ?
— ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ, ಮಣಿಪಾಲ

ಉ: ‘ಅಲ್ಲ’ ಕೊನೆಗೇ ಇರಲಿ. ಕನ್ನಡದಲ್ಲಿ ನಿಷೇಧ ಕೊನೆಗೆ ಬರುವುದೇ ಸಹಜ, ಪಾರ್ಸರಿಗೂ ಅದು ಕಷ್ಟವಲ್ಲ. ಪ್ರಶ್ನೆ ಇರುವುದು ಅದರ ಬಲ ಎಷ್ಟು ಎಂಬಲ್ಲಿ. ‘ಅ ಮತ್ತು ಬ == ಕ ಅಲ್ಲ’ ಎಂದಾಗ ಅಲ್ಲ ಎನ್ನುವುದು ಕ ಗೆ ಮಾತ್ರವೇ, ಬ == ಕ ಗೆ, ಅಥವಾ ಇಡೀ ಸಾಲಿಗೆ? ನಡುವಿನದ್ದನ್ನು ಆರಿಸಿ. ಅಂದರೆ ಹೋಲಿಕೆಗಿಂತ ಕೆಳಗೆ, ‘ಮತ್ತು’ಗಿಂತ ಮೇಲೆ. ಪೈಥಾನ್ ತನ್ನ ‘ನಾಟ್’ ಅನ್ನು ಇಟ್ಟಿರುವುದೂ ಅದೇ ಮಟ್ಟದಲ್ಲಿ. ಬಲಗಳನ್ನು ಹತ್ತರ ಅಂತರದಲ್ಲಿಡಿ, ಮುಂದೆ ನಡುವೆ ತುರುಕಲು ಜಾಗ ಬೇಕು: ಅಥವಾ 10, ಮತ್ತು 20, ಅಲ್ಲ 30, ಹೋಲಿಕೆಗಳು 40, ಕೂಡು-ಕಳೆ 50, ಗುಣಿಸು-ಭಾಗಿಸು 60, ಎದುರಿನ ಮೈನಸ್ 70, ಘಾತ 80. ಇಷ್ಟು ಸಾಕು. ಗೋ ಭಾಷೆ ಎರಡು ಬದಿಯ ಆಪರೇಟರ್‌ಗಳಿಗೆಲ್ಲ ಸೇರಿ ಐದೇ ಮಟ್ಟದಲ್ಲಿ ಸಂಸಾರ ನಡೆಸುತ್ತಿದೆ.

ಪಾರ್ಸರಿಗೆ ವಾನ್ ಪ್ರ್ಯಾಟ್ 1973ರಲ್ಲಿ ವಿವರಿಸಿದ ವಿಧಾನ ಹಿಡಿಯಿರಿ. ಡೈಕ್‌ಸ್ಟ್ರಾ ಅವರ 1961ರ ಶಂಟಿಂಗ್ ಯಾರ್ಡ್ ಕೂಡ ಕೆಲಸ ಮಾಡುತ್ತದೆ, ಆದರೆ ಕೊನೆಗೆ ಬರುವ ಆಪರೇಟರ್, ಎದುರಿನ ಮೈನಸ್ ಎಲ್ಲ ಸೇರಿದಾಗ ಪ್ರ್ಯಾಟ್ ವಿಧಾನದ ಕೋಡ್ ಓದಲು ಸುಲಭ. ಇಡೀ ಯಂತ್ರ ಒಂದೇ ಫಂಕ್ಷನ್, ಓದು(ಕನಿಷ್ಠ). ಅದು ಮೊದಲು ಒಂದು ಟೋಕನ್ (ಪದ, ಅಂಕಿ ಅಥವಾ ಚಿಹ್ನೆ) ತೆಗೆದುಕೊಂಡು ‘ಎಡ’ ಎಂದು ಇಟ್ಟುಕೊಳ್ಳುತ್ತದೆ. ಅಂಕಿ, ಹೆಸರು ಆದರೆ ಹಾಗೆಯೇ. ತೆರೆದ ಆವರಣವಾದರೆ ಓದು(0) ಕರೆದು ಮುಚ್ಚುವ ಆವರಣವನ್ನು ನಿರೀಕ್ಷಿಸಬೇಕು. ಮೈನಸ್ ಆದರೆ ಓದು(70). ಆಮೇಲೆ ಮುಂದಿನ ಟೋಕನ್ನಿನ ಬಲವನ್ನು ಇಣುಕಿ ನೋಡಿ, ಅದು ಕನಿಷ್ಠಕ್ಕಿಂತ ಕಡಿಮೆಯಾದರೆ ‘ಎಡ’ವನ್ನು ಹಿಂದಿರುಗಿಸಿ ನಿಲ್ಲಬೇಕು. ಇಲ್ಲವಾದರೆ ಆ ಟೋಕನ್ ನುಂಗಿ, ಬಲಗಡೆಗೆ ಓದು(ಬಲ + 1) ಕರೆದು, ಎರಡನ್ನೂ ಒಂದು ನೋಡ್ ಮಾಡಿ, ಅದನ್ನೇ ಹೊಸ ‘ಎಡ’ ಮಾಡಿಕೊಂಡು ಮತ್ತೆ ಇಣುಕಬೇಕು. ಘಾತ ಬಲದಿಂದ ಎಡಕ್ಕೆ ಕೂಡುವುದರಿಂದ ಅದಕ್ಕೆ ಓದು(80), ಒಂದು ಕೂಡಿಸಬಾರದು. ‘ಅಲ್ಲ’ಕ್ಕೆ ಬಲಗಡೆಯೇ ಇಲ್ಲ, ನುಂಗಿ, ಎಡಕ್ಕೆ ಸುತ್ತಿ, ಮುಂದುವರಿಯುವುದು.

‘ಅ ಮತ್ತು ಬ == ಕ ಅಲ್ಲ’ವನ್ನು ಬೆರಳಿಟ್ಟು ಓಡಿಸಿ. ಓದು(0): ಎಡ ಅ. ‘ಮತ್ತು’ 20, ಸರಿ. ಓದು(21): ಎಡ ಬ. == 40, ಸರಿ; ಓದು(41): ಎಡ ಕ. ‘ಅಲ್ಲ’ 30, 41 ಕ್ಕಿಂತ ಕಡಿಮೆ, ನಿಲ್ಲು. ಹಿಂದಿನ ಹಂತದಲ್ಲಿ ಎಡ (ಬ == ಕ) ಆಯಿತು; ಅಲ್ಲಿ ಕನಿಷ್ಠ 21, ‘ಅಲ್ಲ’ 30, ಸರಿ, ಸುತ್ತು. ಕೊನೆಗೆ ಅ ಮತ್ತು ((ಬ == ಕ) ಅಲ್ಲ). ಒಂದು ಕೂಡಿಸುವುದನ್ನು ಮರೆತರೆ 10 - 3 - 2 ಕ್ಕೆ 5 ಬದಲು 9 ಬರುತ್ತದೆ. ಇದು ಈ ಪಾರ್ಸರಿನ ಅತಿ ಸಾಮಾನ್ಯ ತಪ್ಪು. ಹೋಲಿಕೆಗಳನ್ನು ಸರಪಳಿ ಮಾಡಲು ಬಿಡಬೇಡಿ. ಒಂದು ಹೋಲಿಕೆ ಕಟ್ಟಿದ ಮೇಲೆ ಮುಂದಿನ ಬಲವೂ 40 ಇದ್ದರೆ ದೋಷ ಎಸೆಯಿರಿ, ರಸ್ಟ್ ಮಾಡುವಂತೆ. ಇಲ್ಲದಿದ್ದರೆ ಸಿ ಯಲ್ಲಿ ಆದಂತೆ 1 < ವಯಸ್ಸು < 5 ಯಾವಾಗಲೂ ನಿಜವಾಗುತ್ತದೆ, ಎಡಗಡೆಯ ಫಲ 0 ಅಥವಾ 1 ಆದ್ದರಿಂದ.

ಪಾರ್ಸರಿಗೂ ಮುಂಚೆ ಟೋಕನ್ ಒಡೆಯುವಲ್ಲಿ ಕನ್ನಡಕ್ಕೆ ಒಂದು ಗುಂಡಿ ಇದೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಪದವನ್ನು ಹಿಡಿಯುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಕನ್ನಡದ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ‘ಮತ್ತು’ ತ ಮುಗಿದಲ್ಲೇ ತುಂಡಾಗುತ್ತದೆ. ಕನ್ನಡದ ಯುನಿಕೋಡ್ ವ್ಯಾಪ್ತಿಯನ್ನು ನೀವೇ ಸೇರಿಸಿ ಮಾದರಿ ಬರೆಯಿರಿ. ಅರ್ಕಾವೊತ್ತು, ಒತ್ತಕ್ಷರಗಳ ನಡುವೆ ಕೀಬೋರ್ಡ್ ತುರುಕುವ ಕಾಣದ ಜೋಡಕ-ಬಿಡಿಸುಕ ಅಕ್ಷರಗಳನ್ನು (ಜೀರೊ ವಿಡ್ತ್ ಜಾಯ್ನರ್, ನಾನ್-ಜಾಯ್ನರ್) ಹೆಸರು ಹೋಲಿಸುವ ಮುನ್ನ ತೆಗೆದುಹಾಕಿ. ಇಲ್ಲವಾದರೆ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರು ಎರಡು ವೇರಿಯಬಲ್ ಆಗಿ ಕೂರುತ್ತವೆ.

ಈಗ ಶಾರ್ಟ್ ಸರ್ಕ್ಯೂಟ್. ಎರಡು ಕೊಂಬೆಯ ನೋಡ್‌ಗಳಿಗೆಲ್ಲ ‘ಎಡ ಲೆಕ್ಕ ಹಾಕು, ಬಲ ಲೆಕ್ಕ ಹಾಕು, ಆಮೇಲೆ ಆಪರೇಟರ್ ನೋಡು’ ಎಂದು ಒಂದೇ ದಾರಿ ಬರೆದರೆ ಅಲ್ಲಿಗೆ ಕೆಟ್ಟಿತು. ಆಪರೇಟರ್ ನೋಡುವಷ್ಟರಲ್ಲಿ ಬಲಗಡೆ ಓಡಿ ಆಗಿರುತ್ತದೆ. ಮತ್ತು, ಅಥವಾ ಎರಡಕ್ಕೂ ಬೇರೆಯದೇ ನೋಡ್ ಇಡಿ. ಬೈಟ್‌ಕೋಡ್ ಮಾಡುವುದಾದರೆ ‘ಮತ್ತು’ಗೆ ಹೀಗೆ: ಎಡದ ಕೋಡ್, ಸ್ಟ್ಯಾಕಿನ ತುದಿ ಸುಳ್ಳಾದರೆ ಅದನ್ನು ಅಲ್ಲೇ ಬಿಟ್ಟು ಕೊನೆಗೆ ಹಾರು, ತುದಿಯದನ್ನು ಎಸೆ, ಬಲದ ಕೋಡ್, ಕೊನೆ. ಹಾರುವ ಆದೇಶ ಬರೆಯುವಾಗ ಕೊನೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. 0 ಬರೆದು ಜಾಗ ನೆನಪಿಟ್ಟು, ಬಲದ ಕೋಡ್ ಮುಗಿದ ಮೇಲೆ ಹಿಂದಿರುಗಿ ತುಂಬಬೇಕು. ಇದಕ್ಕೇ ಬ್ಯಾಕ್‌ಪ್ಯಾಚಿಂಗ್ ಎನ್ನುವುದು. ನಡುವಿನ ‘ಎಸೆ’ ಮರೆತರೆ ಉತ್ತರ ಸರಿಯೇ ಬರುತ್ತದೆ, ಆದರೆ ಎಡ ನಿಜವಾದಾಗಲೆಲ್ಲ ಸ್ಟ್ಯಾಕಿನಲ್ಲಿ ಒಂದು ಬೆಲೆ ಹೆಚ್ಚಾಗಿ ಉಳಿಯುತ್ತದೆ. ಹತ್ತು ಸುತ್ತಿನ ಲೂಪಿನಲ್ಲಿ ಗೊತ್ತಾಗದು, ಲಕ್ಷ ಸುತ್ತಿನಲ್ಲಿ ಸ್ಟ್ಯಾಕ್ ಉಕ್ಕುತ್ತದೆ. ಪರೀಕ್ಷೆಗೆ ಪ್ರತಿ ಹೇಳಿಕೆ ಮುಗಿದ ಮೇಲೆ ಸ್ಟ್ಯಾಕಿನ ಎತ್ತರ ಮೊದಲಿನಷ್ಟೇ ಇದೆಯೇ ಎಂದು ನೋಡಿ.

ಆಪ್ಟಿಮೈಸರ್ ಸೇರಿಸುವ ಆಸೆ ಇದ್ದರೆ ಒಂದೇ ಕಡೆ ಜಾಗ್ರತೆ: ‘ಸುಳ್ಳು ಮತ್ತು ಬರೆ()’ ಅನ್ನು ಸುಳ್ಳು ಎಂದು ಮಡಚಬಹುದು, ‘ಬರೆ() ಮತ್ತು ಸುಳ್ಳು’ ಅನ್ನು ಹಾಗೆ ಮಡಚುವಂತಿಲ್ಲ. ಉತ್ತರ ಎರಡಕ್ಕೂ ಸುಳ್ಳೇ, ಆದರೆ ಎರಡನೆಯದರಲ್ಲಿ ಬರೆ() ಓಡಲೇಬೇಕು.